ಮುಟ್ಟು ನಿಲ್ಲುವ ಕಾಲ: ರೈತ ಮಹಿಳೆಯರ ಮನಸ್ಸು ಮತ್ತು ಆರೈಕೆ

ಜಮಖಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಕಬ್ಬಿನ ಕೂಳೆ ಬೆಳೆಯ ನಿರ್ವಹಣೆ ಕುರಿತು ಕ್ಷೇತ್ರೋತ್ಸವ ಮುಗಿಸಿದ್ದೆವು. ಗಂಡಸರು ಚಹಕ್ಕೆ ಹೋದ ಮೇಲೆ ನಲವತ್ತೈದರ ಆಸುಪಾಸಿನ ಒಬ್ಬ ರೈತ ಮಹಿಳೆ ಹತ್ತಿರ ಬಂದು, "ಅಕ್ಕಾರ, ಬೆಳಿ ಬಗ್ಗೆ ಅಲ್ರಿ. ಸಣ್ಣ ಸಣ್ಣದಕ್ಕೂ ಸಿಟ್ಟ ಬರ್ತೈತಿ, ಆಮೇಲ ಒಬ್ಬಾಕಿನ ಕುಂತ ಅಳ್ತೀನ್ರಿ. ನನಗ ಹುಚ್ಚ ಹಿಡಿಯಾಕತ್ತೈತೇನ್ರಿ?" ಎಂದು ಕೇಳಿದರು. ವಿಚಾರಿಸಿದಾಗ, ಒಂದು ವರ್ಷದಿಂದ ಅವರ ಮುಟ್ಟು ಕ್ರಮ ತಪ್ಪಿದೆ, ರಾತ್ರಿ ನಿದ್ರೆ ಇಲ್ಲ ಎಂದು ತಿಳಿಯಿತು.

ನಾನು ವೈದ್ಯಳಲ್ಲ, ಬೇಸಾಯ ಶಾಸ್ತ್ರದ ಅಧ್ಯಾಪಕಿ. ಆದರೆ ನನ್ನದೂ ಅದೇ ವಯಸ್ಸು. ಹಿಂದಿನ ವರ್ಷ ಕಾರಣವಿಲ್ಲದೆ ವಿದ್ಯಾರ್ಥಿಗಳ ಮೇಲೆ ರೇಗಿ, ಮನೆಗೆ ಬಂದು ಪಶ್ಚಾತ್ತಾಪ ಪಟ್ಟವಳು ನಾನು. ವೈದ್ಯರಿಂದ ಕೇಳಿ, ಓದಿ ತಿಳಿದುಕೊಂಡ ಸಂಗತಿಗಳನ್ನು ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಭಾಗದ ಅಕ್ಕತಂಗಿಯರಿಗಾಗಿ ಇಲ್ಲಿ ಸರಳವಾಗಿ ವಿವರಿಸಲಾಗಿದೆ.

ಇದು ಯಾವ ಕಾಲ?

ಒಂದು ವರ್ಷ ಪೂರ್ತಿ ಮುಟ್ಟು ಬಾರದಿದ್ದರೆ ಅದು ನಿಂತಿತೆಂದು ತಿಳಿಯಬೇಕು. ಭಾರತದ ಮಹಿಳೆಯರಲ್ಲಿ ಇದು ಸರಾಸರಿ 46–47ನೇ ವಯಸ್ಸಿಗೆ ಆಗುತ್ತದೆ. ಅದಕ್ಕೂ ಮುಂಚಿನ ಕೆಲವು ವರ್ಷಗಳು ಸಂಧಿಕಾಲ. ಕೆಲವರಿಗೆ ಇದು ಒಂದೆರಡು ವರ್ಷದಲ್ಲಿ ಮುಗಿದರೆ, ಕೆಲವರಿಗೆ ಏಳೆಂಟು ವರ್ಷ ಎಳೆಯುತ್ತದೆ.

ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಎಂಬ ಚೋದಕಗಳು ಈ ಅವಧಿಯಲ್ಲಿ ಏರುಪೇರಾಗುತ್ತವೆ. ಮುಂಗಾರು ಮುಗಿದು ಹಿಂಗಾರು ಕೂಡಿಕೊಳ್ಳುವ ದಿನಗಳನ್ನು ನೆನೆಯಿರಿ. ಮಳೆ ಒಮ್ಮೆಲೇ ನಿಲ್ಲುವುದಿಲ್ಲ. ಒಂದು ವಾರ ಜಡಿ, ಮತ್ತೊಂದು ವಾರ ಬಿರುಬಿಸಿಲು. ಈಸ್ಟ್ರೋಜನ್ನೂ ಹೀಗೆಯೇ ಒಂದೇ ಸಮನೆ ಇಳಿಯದೆ, ಏರಿ ಇಳಿದು ಕೊನೆಗೆ ಕಡಿಮೆ ಮಟ್ಟದಲ್ಲಿ ನಿಲ್ಲುತ್ತದೆ. ನಿದ್ರೆ, ಮೈಯ ಉಷ್ಣತೆ ಮತ್ತು ಭಾವನೆಗಳನ್ನು ನೋಡಿಕೊಳ್ಳುವ ಮಿದುಳಿನ ಭಾಗಗಳ ಮೇಲೆ ಈ ಏರಿಳಿತದ ಪರಿಣಾಮ ಬೀಳುತ್ತದೆ. ಆದ್ದರಿಂದ ಇದು ಹುಚ್ಚಲ್ಲ, ಗಾಳಿ ಸೋಕಿದ್ದಲ್ಲ, ಸೊಕ್ಕೂ ಅಲ್ಲ.

ಕಾಣಿಸುವ ಲಕ್ಷಣಗಳು

1. ಮುಟ್ಟು ಬೇಗ ಅಥವಾ ತಡವಾಗಿ ಬರುವುದು, ಸ್ರಾವದಲ್ಲಿ ಹೆಚ್ಚು ಕಡಿಮೆಯಾಗುವುದು.
2. ಇದ್ದಕ್ಕಿದ್ದಂತೆ ಮುಖ, ಕುತ್ತಿಗೆ, ಎದೆಗೆ ಝಳ ಹೊಡೆದಂತಾಗಿ ಬೆವರುವುದು. ಎದೆ ಬಡಿತ ಹೆಚ್ಚುವುದು.
3. ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ರೆ ಹತ್ತದಿರುವುದು.
4. ಸಿಟ್ಟು, ಕಾರಣವಿಲ್ಲದ ಅಳು, ಕಳವಳ, ಬೇಸರ.
5. ಮರೆವು ಮತ್ತು ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು.

ಇವೆಲ್ಲವೂ ಎಲ್ಲರಿಗೂ ಬರುವುದಿಲ್ಲ. ಹಿಂದೆ ಖಿನ್ನತೆ ಇದ್ದವರಲ್ಲಿ ಅಥವಾ ಬಾಣಂತನದಲ್ಲಿ ಮನಸ್ಸು ಕುಗ್ಗಿದ್ದವರಲ್ಲಿ ಮಾನಸಿಕ ತೊಂದರೆ ಮರುಕಳಿಸುವ ಸಂಭವ ಹೆಚ್ಚು.

ನಮ್ಮ ಭಾಗದಲ್ಲಿ ಭಾರ ಹೆಚ್ಚಾಗುವುದೇಕೆ?

ಈ ವಯಸ್ಸಿಗೇ ಮಗಳ ಮದುವೆ, ಮಗನ ಕಾಲೇಜು, ಅತ್ತೆಮಾವಂದಿರ ಆರೈಕೆ, ಬೆಳೆಸಾಲದ ಚಿಂತೆ ಒಟ್ಟಿಗೆ ಬರುತ್ತವೆ. ಕೃಷ್ಣಾ, ಘಟಪ್ರಭಾ ದಂಡೆಯ ಕಬ್ಬಿನ ಹೊಲಗಳಲ್ಲಿ ಸಾಲು ಕೂಡಿದ ಮೇಲೆ ಒಳಗೆ ಗಾಳಿಯೇ ಆಡುವುದಿಲ್ಲ. ಅಲ್ಲಿ ರವದಿ ಸುಲಿಯುವಾಗ ಮೈಯ ಝಳವೂ ಕೂಡಿದರೆ ತಲೆ ಸುತ್ತುವುದು ಸಹಜ. ರಾತ್ರಿ ನೀರು ಹಾಯಿಸಲು ಹೋದವರ ದಾರಿ ಕಾಯುತ್ತ ಕುಳಿತವರಿಗೆ ಇದ್ದ ನಿದ್ರೆಯೂ ಹೋಗುತ್ತದೆ. ರಬಕವಿ-ಬನಹಟ್ಟಿಯ ನೇಕಾರ ಮನೆಗಳಲ್ಲಿ ಮಗ್ಗದ ಸದ್ದಿನ ನಡುವೆ ಇಡೀ ದಿನ ನೂಲು ಸುತ್ತುವ ಮಹಿಳೆಯರಿಗೂ ವಿಶ್ರಾಂತಿ ಇಲ್ಲ. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ಕುಟುಂಬಗಳಲ್ಲಿ ಹಳೆಯ ನೆರೆಹೊರೆಯ ಆಸರೆ ತಪ್ಪಿದವರೂ ಇದ್ದಾರೆ. ಚೋದಕಗಳ ಏರುಪೇರಿಗೆ ಬದುಕಿನ ಈ ಭಾರ ಸೇರಿದಾಗ ಮನಸ್ಸು ಬೇಗ ದಣಿಯುತ್ತದೆ.

ಸ್ವಂತ ಆರೈಕೆಯ ಕ್ರಮಗಳು

1. ಗುರುತು ಹಾಕಿರಿ: ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿಯೇ ಮುಟ್ಟಾದ ದಿನಕ್ಕೆ ಒಂದು ಗೆರೆ, ನಿದ್ರೆ ಬಾರದ ರಾತ್ರಿಗೆ ಒಂದು ಚುಕ್ಕೆ, ಮನಸ್ಸು ಕೆಟ್ಟ ದಿನಕ್ಕೆ ಒಂದು ಸುತ್ತು ಹಾಕಿರಿ. ಮೂರು ತಿಂಗಳಲ್ಲಿ ಯಾವುದಕ್ಕೆ ಯಾವುದು ಕೂಡಿ ಬರುತ್ತದೆಂಬುದು ನಿಮಗೇ ತಿಳಿಯುತ್ತದೆ. ಈ ಹಾಳೆಯನ್ನು ವೈದ್ಯರಿಗೆ ತೋರಿಸಿದರೆ ಅವರಿಗೂ ಅನುಕೂಲ.

2. ಕೆಲಸದ ವೇಳೆ ಬದಲಿಸಿರಿ: ಕಳೆ, ರವದಿ ಕೆಲಸವನ್ನು ಬೆಳಗಿನ ತಂಪು ಹೊತ್ತಿನಲ್ಲಿ ಮುಗಿಸಬೇಕು. ತೆಳುವಾದ ಹತ್ತಿಯ ಬಟ್ಟೆ ಉಡಬೇಕು. ಬಾಯಾರುವವರೆಗೆ ಕಾಯದೆ ಆಗಾಗ ನೀರು, ಮಜ್ಜಿಗೆ ಕುಡಿಯಬೇಕು.

3. ಆಹಾರ: ಜೋಳದ ರೊಟ್ಟಿಯ ಜೊತೆ ಹೆಸರು, ಮಡಕಿ, ಕಡಲೆಯಂಥ ಕಾಳುಗಳು, ಮೆಂತ್ಯೆ, ರಾಜಗಿರಿ ಪಲ್ಯ, ಎಳ್ಳು, ಅಗಸಿ ಹಿಂಡಿ, ಮೊಸರು ದಿನವೂ ಇರಲಿ. ಈ ಕಾಲದಿಂದ ಎಲುಬು ಸವೆಯುವುದು ಹೆಚ್ಚುತ್ತದೆ. ಆದ್ದರಿಂದ ಸುಣ್ಣದ ಅಂಶ ಅವಶ್ಯ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ವಾರದಲ್ಲಿ ಎರಡು ಮೂರು ದಿನ ರಾಗಿ ಅಂಬಲಿ ಮಾಡಿರಿ. ಊಟದ ಜೊತೆಗೇ ಚಹ ಕುಡಿದರೆ ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲ. ಸಂಜೆಯ ಮೇಲಿನ ಚಹ ನಿದ್ರೆ ಕೆಡಿಸುತ್ತದೆ. ತಂಬಾಕು, ಗುಟ್ಕಾ ಬಿಡಬೇಕು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ರೂಢಿ ಇನ್ನು ಸಾಕು.

4. ನಿದ್ರೆ: ಮಲಗುವ, ಏಳುವ ಹೊತ್ತು ದಿನವೂ ಒಂದೇ ಇರಲಿ. ಗಾಳಿಯಾಡುವ ಜಾಗದಲ್ಲಿ ಮಲಗಿರಿ. ಮಲಗುವ ಮುನ್ನ ಒಂದು ತಾಸು ಮೊಬೈಲು, ಟಿ.ವಿ. ಬೇಡ.

5. ನಡಿಗೆ: "ಇಡೀ ದಿನ ದುಡಿಯುತ್ತೇವೆ, ಮತ್ತೆ ನಡಿಗೆ ಯಾಕೆ?" ಎಂದು ಕೇಳುವವರುಂಟು. ಬಗ್ಗಿ ಮಾಡುವ ದುಡಿಮೆ ದಣಿಸುತ್ತದೆ; ಗೆಳತಿಯೊಡನೆ ಅರ್ಧ ತಾಸು ಮಾತಾಡುತ್ತ ನಡೆಯುವುದು ಮನಸ್ಸನ್ನು ಹಗುರ ಮಾಡುತ್ತದೆ. ಸಿಟ್ಟು ಏರಿದಾಗ ಐದು ನಿಮಿಷ ನಿಧಾನವಾಗಿ ಉಸಿರೆಳೆದು, ಅದಕ್ಕಿಂತ ನಿಧಾನವಾಗಿ ಬಿಡಿರಿ.

6. ಮಾತನಾಡಿರಿ: ಸ್ವಸಹಾಯ ಸಂಘದ ಸಭೆಯಲ್ಲಿ ಸಾಲ-ಉಳಿತಾಯದ ಲೆಕ್ಕ ಮುಗಿದ ಮೇಲೆ ಈ ವಿಷಯಕ್ಕೆ ಹತ್ತು ನಿಮಿಷ ಇಡಿರಿ. ಒಬ್ಬರು ಬಾಯಿ ಬಿಟ್ಟರೆ, "ನನಗೂ ಹಂಗ ಆಗತೈತಿ" ಎನ್ನುವವರು ಪಕ್ಕದಲ್ಲೇ ಇರುತ್ತಾರೆ.

ಗರ್ಭಚೀಲ ತೆಗೆಸುವ ಮುನ್ನ

"ತೆಗೆಸಿಬಿಟ್ಟರೆ ಕಾಟ ತಪ್ಪುತ್ತದೆ" ಎಂಬ ಮಾತು ನಮ್ಮಲ್ಲಿ ಹರಡಿದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಮಹಿಳೆಯರಲ್ಲಿ ಬಹಳ ಮಂದಿ ಚಿಕ್ಕ ವಯಸ್ಸಿನಲ್ಲಿಯೇ ಗರ್ಭಚೀಲ ತೆಗೆಸಿಕೊಂಡದ್ದು ಬೆಳಕಿಗೆ ಬಂದು, 2019ರಲ್ಲಿ ಅಲ್ಲಿನ ಸರ್ಕಾರ ವಿಚಾರಣಾ ಸಮಿತಿ ನೇಮಿಸಿತು. ಅನವಶ್ಯಕ ಗರ್ಭಚೀಲ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಜಾರಿಗೆ ತರಲು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಮೂರು ತಿಂಗಳ ಗಡುವು ಕೊಟ್ಟಿತು.

ಗರ್ಭಚೀಲದ ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಈಸ್ಟ್ರೋಜನ್ ಒಮ್ಮೆಲೇ ಕುಸಿಯುತ್ತದೆ. ಝಳ, ನಿದ್ರಾಹೀನತೆ, ಬೇಸರಗಳು ಹೋಗುವ ಬದಲು ಜೋರಾಗುತ್ತವೆ. ಎಲುಬು ಬೇಗ ಟೊಳ್ಳಾಗುತ್ತದೆ. ಕೆಲವು ರೋಗಗಳಲ್ಲಿ ಈ ಶಸ್ತ್ರಚಿಕಿತ್ಸೆ ನಿಜವಾಗಿಯೂ ಬೇಕಾಗುತ್ತದೆ. ಆದರೆ ಯಾವ ರೋಗಕ್ಕೆ, ಔಷಧಿಯಿಂದ ಗುಣವಾಗದೇ, ಅಂಡಾಶಯ ಉಳಿಸುತ್ತೀರಾ ಎಂದು ಕೇಳಿ, ಇನ್ನೊಬ್ಬ ಸ್ತ್ರೀರೋಗ ತಜ್ಞರ ಅಭಿಪ್ರಾಯ ಪಡೆದೇ ಒಪ್ಪಬೇಕು.

ವೈದ್ಯರನ್ನು ಯಾವಾಗ ಕಾಣಬೇಕು?

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬಾರದೆಂದು ನಾವು ಹೇಳುತ್ತಲೇ ಇರುತ್ತೇವೆ. ರಕ್ತ ಪರೀಕ್ಷೆ ಮಾಡಿಸದೆ ಟಾನಿಕ್ ಕುಡಿಯುವುದೂ ಅಂಥದ್ದೇ. ರಕ್ತಹೀನತೆ ಮತ್ತು ಥೈರಾಯ್ಡ್ ತೊಂದರೆಗಳೂ ಸುಸ್ತು, ಬೇಸರ, ಎದೆಬಡಿತ ತರುತ್ತವೆ. ಆದ್ದರಿಂದ ಇವೆರಡನ್ನೂ ಪರೀಕ್ಷಿಸಬೇಕು. ಕೆಳಗಿನ ಸಂದರ್ಭಗಳಲ್ಲಿ ತಡ ಮಾಡದೆ ತಾಲೂಕು ಆಸ್ಪತ್ರೆಗೆ ಹೋಗಬೇಕು:

• ಒಂದು ವರ್ಷ ನಿಂತ ಮೇಲೆ ಮತ್ತೆ ರಕ್ತ ಕಂಡರೆ. ಅತಿ ಸ್ರಾವವಾದರೆ ಅಥವಾ ಗಡ್ಡೆಗಡ್ಡೆಯಾಗಿ ಹೋದರೆ.
• 40 ವರ್ಷಕ್ಕಿಂತ ಮೊದಲೇ ಮುಟ್ಟು ನಿಂತರೆ.
• ಎರಡು ವಾರ ಸತತವಾಗಿ ಯಾವುದರಲ್ಲೂ ಆಸಕ್ತಿ ಇಲ್ಲದಂತಾದರೆ.
• ಸಾಯಬೇಕೆಂಬ ವಿಚಾರ ಬಂದರೆ. ಆಗ ಒಂದು ದಿನವೂ ಕಾಯಬಾರದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಅಂಥ ಮನೆಯಲ್ಲಿ ಕೀಟನಾಶಕದ ಡಬ್ಬಿಗಳನ್ನು ಬೀಗದೊಳಗಿಡಬೇಕು.

ಆಪ್ತಸಮಾಲೋಚನೆಯಿಂದ, ಅವಶ್ಯವಿದ್ದರೆ ಔಷಧಿಯಿಂದ ಖಿನ್ನತೆ ಗುಣವಾಗುತ್ತದೆ. ತೀವ್ರ ಝಳಕ್ಕೆ ಚೋದಕ ಚಿಕಿತ್ಸೆಯೂ ಇದೆ. ಆದರೆ ಸ್ತನ ಕ್ಯಾನ್ಸರ್ ಆದವರಿಗೆ, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ ಅದು ಸಾಮಾನ್ಯವಾಗಿ ಹೊಂದುವುದಿಲ್ಲ. ವೈದ್ಯರ ಸಲಹೆ ಇಲ್ಲದೆ ತೆಗೆದುಕೊಳ್ಳಬಾರದು. ಇನ್ನೊಂದು ಮಾತು: ಮುಟ್ಟು ಪೂರ್ತಿ ನಿಲ್ಲುವವರೆಗೆ ಗರ್ಭ ನಿಲ್ಲುವ ಸಾಧ್ಯತೆ ಇದ್ದೇ ಇರುತ್ತದೆ.

ಮನೆಯವರಿಗೆ ಒಂದು ಮಾತು

ರೈತ ಬಾಂಧವರೇ, ಎತ್ತು ಮೇವು ಬಿಟ್ಟರೆ ಅದೇ ದಿನ ಪಶುವೈದ್ಯರನ್ನು ಕರೆಸುತ್ತೀರಿ. ಮನೆಯಾಕೆ ವಾರಗಟ್ಟಲೆ ನಿದ್ರೆಗೆಟ್ಟರೆ "ಹೆಂಗಸರದ್ದು ಇದ್ದದ್ದೇ" ಎನ್ನಬೇಡಿರಿ. ಅವರ ಸಿಟ್ಟಿಗೆ ಎದುರು ಸಿಟ್ಟು ಬೇಡ. ನೀರು ತರುವುದು, ಹಾಲು ಹಿಂಡುವುದು ಇವುಗಳಲ್ಲಿ ಒಂದನ್ನಾದರೂ ನೀವು ಅಥವಾ ಮಕ್ಕಳು ವಹಿಸಿಕೊಳ್ಳಿರಿ. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿರಿ.

ಕ್ಷೇತ್ರೋತ್ಸವದ ಆ ಮಹಿಳೆ ಮುಂದಿನ ಸಲ ಸಿಕ್ಕಾಗ ರಕ್ತ ಪರೀಕ್ಷೆಯ ಚೀಟಿ ತಂದಿದ್ದರು. ರಕ್ತ ಕಡಿಮೆ ಇತ್ತು, ಗುಳಿಗೆ ನಡೆದಿತ್ತು. ಝಳ ಇನ್ನೂ ಪೂರ್ತಿ ಹೋಗಿರಲಿಲ್ಲ. ಆದರೆ, "ಹುಚ್ಚಲ್ಲ ಅಂತ ಗೊತ್ತಾತಲ್ರಿ, ಅರ್ಧ ಆರಾಮ ಅಲ್ಲೇ ಆತು" ಎಂದರು. ಈ ಲೇಖನವನ್ನು ಓದಿದವರು ಓದಲು ಬಾರದ ಒಬ್ಬ ಅಕ್ಕನಿಗಾದರೂ ಓದಿ ಹೇಳಬೇಕೆಂದು ವಿನಂತಿ.