ಅಗ್ನಿಶಾಮಕರ ಕ್ಯಾನ್ಸರ್ ಮತ್ತು ಕಾನೂನಿನ ಆಸರೆ

ಬೆಂಕಿ ಬಿದ್ದ ಮನೆಯಿಂದ ಎಲ್ಲರೂ ಹೊರಗೋಡುವಾಗ ಒಳಗೆ ನುಗ್ಗುವುದು ಅಗ್ನಿಶಾಮಕರ ಕಾಯಕ. ಅವರ ಸುಟ್ಟ ಗಾಯಗಳು ನಮ್ಮ ಕಣ್ಣಿಗೆ ಬೀಳುತ್ತವೆ. ಹೊಗೆಯು ದೇಹದೊಳಗೆ ಮಾಡುವ ಹಾನಿ ಕಾಣುವುದಿಲ್ಲ. ಪ್ಲಾಸ್ಟಿಕ್, ಬಣ್ಣ, ಹಾಸಿಗೆಗಳು ಉರಿದಾಗ ಬೆಂಜೀನ್, ಫಾರ್ಮಾಲ್ಡಿಹೈಡ್ ಮೊದಲಾದ ವಿಷಗಳು ಹೊಮ್ಮುತ್ತವೆ. ಇವು ಉಸಿರಿನಿಂದ ಮಾತ್ರವಲ್ಲ, ಮಸಿ ಹತ್ತಿದ ಚರ್ಮದ ಮೂಲಕವೂ ಒಳಸೇರಬಲ್ಲವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2022ರಲ್ಲಿ ಈ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು.

ಆಯುರ್ವೇದದಲ್ಲಿ ರೋಗದ ಕಾರಣವನ್ನು ನಿದಾನವೆನ್ನುತ್ತೇವೆ. ಹಳಸಿದ ಅನ್ನದಿಂದ ಬಂದ ಅತಿಸಾರದ ನಿದಾನವನ್ನು ಅರಿಯುವುದು ಸುಲಭ. ಕ್ಯಾನ್ಸರ್ ಹಾಗಲ್ಲ, ಅದು ಹಲವು ವರ್ಷಗಳ, ಕೆಲವೊಮ್ಮೆ ದಶಕಗಳ ನಂತರ ತಲೆಯೆತ್ತುತ್ತದೆ. ಆರಿಸಿದ ನೂರಾರು ಬೆಂಕಿಗಳಲ್ಲಿ ಯಾವುದು ಈ ಗಡ್ಡೆಗೆ ಕಾರಣವೆಂದು ರೋಗಿಯಾಗಲಿ ವೈದ್ಯರಾಗಲಿ ಬೆರಳಿಟ್ಟು ತೋರಲಾರರು. ಹೀಗಿರುವಾಗ ಪರಿಹಾರ ಕೇಳಿದವರಿಗೆ ‘ಸಾಬೀತುಪಡಿಸಿ’ ಎಂದರೆ ಅದು ಬಾಗಿಲು ಮುಚ್ಚಿದಂತೆಯೇ ಸರಿ.

ಕೆಲವು ದೇಶಗಳ ಕಾನೂನು ಈ ಹೊರೆಯನ್ನು ರೋಗಿಯ ಹೆಗಲಿನಿಂದ ಇಳಿಸಿದೆ. ನಿಗದಿತ ವರ್ಷ ಸೇವೆ ಸಲ್ಲಿಸಿದವರಿಗೆ ಪಟ್ಟಿಯಲ್ಲಿರುವ ಕ್ಯಾನ್ಸರ್ ಬಂದರೆ ಅದು ವೃತ್ತಿಯಿಂದಲೇ ಬಂದುದೆಂದು ಭಾವಿಸಲಾಗುತ್ತದೆ. ಅಲ್ಲವೆನ್ನುವವರು ಅದನ್ನು ಸಾಧಿಸಿ ತೋರಿಸಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ 1982ರಲ್ಲಿಯೇ ಈ ದಾರಿ ಹಿಡಿಯಿತು. ಕೆನಡಾದ ಮ್ಯಾನಿಟೋಬಾ ಪ್ರಾಂತವು 2002ರಲ್ಲಿ ಮೆದುಳು, ಮೂತ್ರಕೋಶ, ಮೂತ್ರಪಿಂಡದ ಕ್ಯಾನ್ಸರ್ ಸೇರಿದಂತೆ ಐದು ಬಗೆಗಳಿಂದ ಆರಂಭಿಸಿತು. ಆಸ್ಟ್ರೇಲಿಯಾ 2011ರಲ್ಲಿ ಇಂತಹ ಶಾಸನ ಮಾಡಿತು. ಅಮೆರಿಕದ ಕೇಂದ್ರ ಸರ್ಕಾರದ ಅಗ್ನಿಶಾಮಕರಿಗೆ ಈ ರಕ್ಷಣೆ ದೊರೆತದ್ದು 2022ರ ಡಿಸೆಂಬರಿನಲ್ಲಿ. ಅದರಂತೆ ಕನಿಷ್ಠ 5 ವರ್ಷ ಬೆಂಕಿ ನಂದಿಸುವ ಕೆಲಸ ಮಾಡಿರಬೇಕು. ಕೊನೆಯ ಬಾರಿ ಆ ಕೆಲಸದಲ್ಲಿ ತೊಡಗಿದ 10 ವರ್ಷಗಳೊಳಗೆ ರೋಗ ಪತ್ತೆಯಾಗಿರಬೇಕು.

ಆದರೆ ಕಾನೂನು ಪರಿಹಾರ ಕೊಡಬಲ್ಲದು, ಕಳೆದ ಆರೋಗ್ಯವನ್ನಲ್ಲ. ನಿದಾನ ಪರಿವರ್ಜನವೇ, ಅಂದರೆ ಕಾರಣವನ್ನು ದೂರವಿಡುವುದೇ ಮೊದಲ ಚಿಕಿತ್ಸೆ. ಬೆಂಕಿ ಆರಿದ ಮೇಲೂ ಉಸಿರಾಟದ ಮುಖವಾಡವನ್ನು ಅವಸರದಿಂದ ತೆಗೆಯಬಾರದು. ಕೂಡಲೇ ಮೈತೊಳೆಯಬೇಕು; ಮಸಿಯ ಉಡುಪನ್ನು ಮನೆಗೆ ಒಯ್ಯಬಾರದು. ಮೂತ್ರದಲ್ಲಿ ರಕ್ತ, ಬಿಡದ ಕೆಮ್ಮು, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಕಷಾಯಗಳಲ್ಲಿ ಕಾಲ ಕಳೆಯದೆ ತಜ್ಞರಲ್ಲಿಗೆ ಹೋಗಬೇಕು. ನಿವೃತ್ತರಾಗಿದ್ದರೂ ತಮ್ಮ ಹಿಂದಿನ ವೃತ್ತಿಯನ್ನು ವೈದ್ಯರಿಗೆ ತಿಳಿಸಬೇಕು.

ವೈದ್ಯರಾದ ನಾವೂ ರೋಗಿಯ ನಾಡಿ ಹಿಡಿಯುವಾಗ ‘ಏನು ಉಂಡಿರಿ’ ಎಂದಷ್ಟೇ ಕೇಳಿದರೆ ಸಾಲದು. ‘ಯಾವ ಕಾಯಕ ಮಾಡಿದಿರಿ’ ಎಂದೂ ಕೇಳಬೇಕು. ಪರರ ಪ್ರಾಣಕ್ಕಾಗಿ ಹೊಗೆ ಕುಡಿದವರ ಮಾತನ್ನು ಮೊದಲು ನಂಬುವುದು ದಯೆಯಲ್ಲ, ಅವರಿಗೆ ಸಲ್ಲಬೇಕಾದ ನ್ಯಾಯ.