ತೊಗರಿ ನಾಡಿನಲ್ಲಿ ಬೆಳೆ ಆಯ್ಕೆ: ಬೆಲೆಯ ಲೆಕ್ಕ ಮತ್ತು ನೆಲದ ಲೆಕ್ಕ

ಕಲಬುರಗಿ ಜಿಲ್ಲೆಯನ್ನು ತೊಗರಿಯ ಕಣಜವೆಂದು ಕರೆಯುವುದು ರೂಢಿ. ಇಲ್ಲಿನ ನೂರಾರು ದಾಲ್ ಮಿಲ್‌ಗಳು, ಗಂಜಿನ ಅಡತಿ ಅಂಗಡಿಗಳು, ಹಮಾಲರು, ಲಾರಿ ಮಾಲೀಕರು, ಗೋಣಿಚೀಲದ ವರ್ತಕರು ಮುಂತಾದವರ ವರ್ಷದ ವಹಿವಾಟು ಬಹುಮಟ್ಟಿಗೆ ಈ ಒಂದು ಬೆಳೆಯನ್ನೇ ಅವಲಂಬಿಸಿದೆ. ಜನವರಿಯಲ್ಲಿ ಗಂಜಿಗೆ ಎಷ್ಟು ಆವಕ ಬರುತ್ತದೆ, ಕಾಳಿನ ಗುಣಮಟ್ಟ ಹೇಗಿರುತ್ತದೆ ಎಂಬುದು ಅದಕ್ಕೆ ಏಳು ತಿಂಗಳು ಮುಂಚೆ, ರೈತನು ಕೂರಿಗೆಗೆ ಯಾವ ಬೀಜವನ್ನು ಯಾವ ಹೊಲದಲ್ಲಿ ಹಾಕುತ್ತಾನೆ ಎಂಬುದರಿಂದ ಬಹುತೇಕ ತೀರ್ಮಾನವಾಗಿರುತ್ತದೆ. ಆದುದರಿಂದ ಬೆಳೆ ಆಯ್ಕೆಯ ಪ್ರಶ್ನೆ ರೈತನಿಗೆ ಮಾತ್ರ ಸಂಬಂಧಿಸಿದ್ದೆಂದು ವಾಣಿಜ್ಯ ವಲಯವು ಕೈತೊಳೆದುಕೊಳ್ಳುವಂತಿಲ್ಲ.

ಹಳ್ಳಿಗಳಲ್ಲಿ ಈ ಆಯ್ಕೆ ಸಾಮಾನ್ಯವಾಗಿ ಹಿಂದಿನ ವರ್ಷದ ದರವನ್ನು ನೋಡಿ ನಡೆಯುತ್ತದೆ. ಇದರ ಪರಿಣಾಮಕ್ಕೆ 2015ರಿಂದ 2017ರವರೆಗಿನ ಅನುಭವಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. 2015ರ ಅಕ್ಟೋಬರ್ ವೇಳೆಗೆ ದೇಶದ ಹಲವು ನಗರಗಳಲ್ಲಿ ತೊಗರಿ ಬೇಳೆಯ ಚಿಲ್ಲರೆ ದರ ಕಿಲೋಗೆ 200 ರೂಪಾಯಿಗಳನ್ನು ಮುಟ್ಟಿತು. ಆ ದರ ಮರುವರ್ಷ ಎಲ್ಲರ ಕಣ್ಣಮುಂದಿತ್ತು, ಮಳೆಯೂ ಕೈಹಿಡಿಯಿತು. 2015-16ರಲ್ಲಿ ಸುಮಾರು 25.6 ಲಕ್ಷ ಟನ್‌ಗಳಷ್ಟಿದ್ದ ರಾಷ್ಟ್ರದ ತೊಗರಿ ಉತ್ಪಾದನೆ 2016-17ರಲ್ಲಿ ಸುಮಾರು 48.7 ಲಕ್ಷ ಟನ್‌ಗಳಿಗೆ ಏರಿತು. ಬೋನಸ್ ಸೇರಿ ಕ್ವಿಂಟಲ್‌ಗೆ 5,050 ರೂ. ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಮಾರುಕಟ್ಟೆಯ ದರ ಅದಕ್ಕಿಂತ ಕೆಳಕ್ಕೆ ಇಳಿಯಿತು. ಕೇಂದ್ರ ಸರ್ಕಾರವು 2017ರ ಆಗಸ್ಟ್‌ನಲ್ಲಿ ತೊಗರಿಯ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್‌ಗಳ ಮಿತಿ ಹಾಕಿತು. 2021ರ ಮೇ ತಿಂಗಳಲ್ಲಿ ಅದೇ ಆಮದನ್ನು ಮತ್ತೆ ಮುಕ್ತಗೊಳಿಸಿತು. ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾಗಳಿಂದ ಬರುವ ಹಡಗುಗಳು ಗಂಜಿನ ದರವನ್ನು ಪ್ರಭಾವಿಸುವ ಈ ಕಾಲದಲ್ಲಿ, ಕಳೆದ ಜನವರಿಯ ಧಾರಣೆಯನ್ನು ನೆಚ್ಚಿ ಜೂನ್‌ನಲ್ಲಿ ಬಿತ್ತುವುದು ಒಂದು ಬಗೆಯ ಸಟ್ಟಾ ವ್ಯವಹಾರವೇ ಸರಿ. ವ್ಯತ್ಯಾಸವೆಂದರೆ ಸಟ್ಟಾ ಆಡುವವನು ಬಂಡವಾಳವನ್ನು ಮಾತ್ರ ಪಣಕ್ಕಿಡುತ್ತಾನೆ, ರೈತನು ನೆಲವನ್ನೂ ಇಡುತ್ತಾನೆ.

ನೆಲದ ಆಳವೇ ಮೊದಲ ಅಳತೆ

ಬೆಳೆ ಆಯ್ಕೆಯಲ್ಲಿ ಮೊದಲು ಪರಿಶೀಲಿಸಬೇಕಾದುದು ಮಣ್ಣಿನ ಆಳ. ಜಿಲ್ಲೆಯಲ್ಲಿ ಎರೆಭೂಮಿ ಎಂದು ಒಟ್ಟಾಗಿ ಕರೆಯುವ ನೆಲವೆಲ್ಲ ಒಂದೇ ತೆರನಾಗಿಲ್ಲ. ಮೂರು ಅಡಿಗಿಂತ ಆಳವಾದ ಕಪ್ಪು ಮಣ್ಣು ಮಳೆಯ ನೀರನ್ನು ಹಿಡಿದಿಟ್ಟುಕೊಂಡು ಹಿಂಗಾರಿನವರೆಗೂ ಬೆಳೆಗೆ ಒದಗಿಸುತ್ತದೆ. ಒಂದು ಅಡಿಗೇ ಗರಸು ಸಿಗುವ ದಿಣ್ಣೆಯ ಹೊಲದಲ್ಲಿ ಸೆಪ್ಟೆಂಬರ್ ನಂತರ ಮಳೆ ನಿಂತರೆ ತೇವ ಉಳಿಯುವುದಿಲ್ಲ. ತೊಗರಿ 150ರಿಂದ 180 ದಿನಗಳ ಬೆಳೆ. ಅದು ಹೂ ಬಿಟ್ಟು ಕಾಯಿ ಕಟ್ಟುವುದು ಮಳೆಗಾಲ ಮುಗಿದ ಮೇಲೆಯೇ. ಬೇರು ಆಳಕ್ಕೆ ಇಳಿಯಬಲ್ಲದು ನಿಜ. ಆದರೆ ಇಳಿಯಲು ಮಣ್ಣು ಇರಬೇಕು. ತೆಳು ಮಣ್ಣಿನ ಹೊಲಕ್ಕೆ ಬೇಗನೆ ಮುಗಿಯುವ ಹೆಸರು, ಉದ್ದು, ಸಜ್ಜೆ ಅಥವಾ ಅಲ್ಪಾವಧಿಯ ತೊಗರಿ ತಳಿ ಹೊಂದುತ್ತವೆ. ಆಳವಾದ ಎರೆಯಲ್ಲಿಯೂ ನೀರು ನಿಲ್ಲುವ ತಗ್ಗಿದ್ದರೆ ತೊಗರಿಗೆ ಅಪಾಯವೇ. ಅಂತಹ ತಾಕನ್ನು ಹಿಂಗಾರಿಗೆ ಮೀಸಲಿಟ್ಟು ಜೋಳವನ್ನೋ ಕಡಲೆಯನ್ನೋ ಬಿತ್ತುವುದು ಲೇಸು. ಹಿಂದಿನವರು ಒಂದೇ ಸರ್ವೆ ನಂಬರಿನೊಳಗೆ ತಾಕು ತಾಕಿಗೂ ಬೇರೆ ಬೆಳೆ ಹಾಕುತ್ತಿದ್ದುದರ ಹಿಂದೆ ಈ ತಿಳಿವಳಿಕೆಯಿತ್ತು.

ಒಂಟಿ ಬೆಳೆ ಹಬ್ಬಿದ ಬಗೆ

ಜೋಳ, ಸಜ್ಜೆ, ಎಳ್ಳು, ಹೆಸರುಗಳ ನಡುವೆ ತೊಗರಿಯನ್ನು ಅಕ್ಕಡಿಯಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ತೊಗರಿಯೊಂದೇ ಉಳಿದಿರುವುದಕ್ಕೆ ದರವೊಂದೇ ಕಾರಣವಲ್ಲ. ದನಕರುಗಳು ಕಡಿಮೆಯಾದವು, ಜೋಳದ ಕಣಿಕೆಯ ಅಗತ್ಯ ತಗ್ಗಿತು. ಕಳೆ ತೆಗೆಯಲು ಆಳು ಸಿಗದೆ ಕಳೆನಾಶಕ ಬಂದಿತು; ಒಂದು ಬೆಳೆಗೆ ಹೊಂದುವ ಔಷಧ ಮಿಶ್ರ ಬೆಳೆಗೆ ಹೊಂದುವುದಿಲ್ಲ. ಕೊಯ್ಲಿನ ಯಂತ್ರಕ್ಕೂ ಒಂದೇ ಬೆಳೆ ಅನುಕೂಲ. ಇವು ಪ್ರತಿಯೊಂದೂ ರೈತನ ಮಟ್ಟಿಗೆ ನ್ಯಾಯವಾದ ಕಾರಣಗಳೇ. ಹಳೆಯ ಪದ್ಧತಿಯನ್ನು ಬಿಟ್ಟಿದ್ದಕ್ಕಾಗಿ ಅವನನ್ನು ದೂರುವ ಭಾಷಣಗಳು ಸಾಕಷ್ಟು ಆಗಿವೆ. ಕೂಲಿಯ ಲೆಕ್ಕವನ್ನು ಬಗೆಹರಿಸದ ಭಾಷಣದಿಂದ ಒಂದು ಸಾಲು ಹೆಸರೂ ಹೊಲಕ್ಕೆ ಮರಳುವುದಿಲ್ಲ.

ಆದರೆ ಇದರ ಬೆಲೆಯನ್ನು ನೆಲ ತೆರುತ್ತಿದೆ. ತೊಗರಿಯ ನೆಟೆ ರೋಗಕ್ಕೆ ಕಾರಣವಾದ ಶಿಲೀಂಧ್ರವು ಮಣ್ಣಿನಲ್ಲಿ, ವಿಶೇಷವಾಗಿ ಸತ್ತ ಗಿಡದ ಬೇರು ಮತ್ತು ಕೂಳೆಗಳಲ್ಲಿ, ಎರಡು ಮೂರು ವರ್ಷಗಳವರೆಗೆ ಜೀವಂತವಾಗಿರಬಲ್ಲದು. ಪ್ರತಿ ವರ್ಷವೂ ಅದೇ ಹೊಲಕ್ಕೆ ತೊಗರಿ ಬಂದರೆ ರೋಗಾಣುವಿನ ಪ್ರಮಾಣ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ರೋಗವು ಹೂವು, ಕಾಯಿಯ ಹಂತದಲ್ಲಿ ಎದ್ದು ಕಾಣುತ್ತದೆ. ಅಷ್ಟರಲ್ಲಿ ರೈತನ ಖರ್ಚೆಲ್ಲ ಆಗಿಹೋಗಿರುತ್ತದೆ. 2022-23ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯಾದ್ಯಂತ ತೊಗರಿ ನೆಟೆ ಹೋಗಿ, ರಾಜ್ಯ ಸರ್ಕಾರವು ವಿಶೇಷ ಪರಿಹಾರ ಘೋಷಿಸಬೇಕಾದ ಸ್ಥಿತಿ ಬಂದಿತು. ಆ ವರ್ಷ ಮಿಲ್ಲುಗಳೂ ಕಚ್ಚಾ ಮಾಲಿಗಾಗಿ ಹೊರಗಿನ ಆವಕವನ್ನು ಹೆಚ್ಚು ನೆಚ್ಚಬೇಕಾಯಿತು.

ರೋಗ ನಿರೋಧಕ ತಳಿಗಳು ಇಲ್ಲವೆಂದಲ್ಲ. ಇಕ್ರಿಸ್ಯಾಟ್ ಸಂಸ್ಥೆಯ ಶೋಧನೆಯಿಂದ ಬಂದ ಮಾರುತಿ ತಳಿ 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಗಿ ಬಹುಕಾಲ ಈ ಭಾಗವನ್ನು ಕಾಪಾಡಿತು. ನಂತರ ಟಿಎಸ್-3ಆರ್, ಜಿಆರ್‌ಜಿ-811 ಮುಂತಾದವು ಬಂದವು. ಆದರೆ ತಳಿಯ ನಿರೋಧ ಶಕ್ತಿ ಶಾಶ್ವತವಲ್ಲ. ಒಂದೇ ನೆಲದಲ್ಲಿ ಒಂದೇ ತಳಿ ವರ್ಷಗಟ್ಟಲೆ ನಿಂತರೆ ಶಿಲೀಂಧ್ರವೂ ರೂಪ ಬದಲಿಸುತ್ತದೆ. ಬೆಳೆ ಪರಿವರ್ತನೆಯಿಲ್ಲದೆ ತಳಿಯೊಂದನ್ನೇ ನೆಚ್ಚುವುದು ಬೀಗ ಹಾಕಿ ಬಾಗಿಲನ್ನು ತೆರೆದಿಟ್ಟಂತೆ. ಜೋಳದೊಂದಿಗೆ ಮಿಶ್ರವಾಗಿ ಅಥವಾ ಜೋಳದ ನಂತರ ಬೆಳೆದ ತೊಗರಿಯಲ್ಲಿ ನೆಟೆ ರೋಗ ಗಣನೀಯವಾಗಿ ತಗ್ಗುವುದು ಇಕ್ರಿಸ್ಯಾಟ್‌ನ ಪ್ರಯೋಗಗಳಲ್ಲಿ ಕಂಡುಬಂದಿದೆ. ಇದಕ್ಕೆ ಹೊಸ ಖರ್ಚೇನೂ ಇಲ್ಲ.

ಅಂತರ ಬೆಳೆಯ ಲೆಕ್ಕ

ತೊಗರಿ ಗಿಡವು ಬಿತ್ತಿದ ಮೊದಲ 50-60 ದಿನ ನಿಧಾನವಾಗಿ ಬೆಳೆಯುತ್ತದೆ. ಆಗ ಸಾಲುಗಳ ನಡುವಿನ ನೆಲ ಖಾಲಿ ಬಿದ್ದಿರುತ್ತದೆ. ಮಳೆಹನಿಯ ಹೊಡೆತಕ್ಕೆ ಮಣ್ಣು ಕೊಚ್ಚಿಹೋಗುವುದೂ, ಕಳೆ ಏಳುವುದೂ ಈ ಅವಧಿಯಲ್ಲಿಯೇ. ಹೆಸರು 65-70 ದಿನಗಳಲ್ಲಿ ಕೊಯ್ಲಿಗೆ ಬರುವುದರಿಂದ ತೊಗರಿಗೆ ನೀರು ಮತ್ತು ಬಿಸಿಲಿನ ಹೆಚ್ಚಿನ ಅಗತ್ಯ ಬೀಳುವ ವೇಳೆಗೆ ಅದು ಹೊಲದಿಂದ ಹೊರಟುಹೋಗಿರುತ್ತದೆ. ತೊಗರಿಯ ಸಾಲುಗಳಿಗೆ 4 ಅಡಿ ಅಂತರ ಕೊಟ್ಟು ನಡುವೆ ಹೆಸರಿನ 2 ಸಾಲು ಬಿತ್ತಿದರೆ ಎರಡಕ್ಕೂ ಎಡೆ ಹೊಡೆಯಲು ಅವಕಾಶ ಉಳಿಯುತ್ತದೆ.

ಇದರಿಂದ ಲಾಭವೆಷ್ಟು ಎಂಬುದನ್ನು ಒಂದು ಮಾದರಿ ಲೆಕ್ಕದಿಂದ ನೋಡಬಹುದು. ಇಲ್ಲಿನ ಇಳುವರಿ ಮತ್ತು ಖರ್ಚಿನ ಅಂಕಿಗಳು ತಿಳಿವಳಿಕೆಗಾಗಿ ಇಟ್ಟುಕೊಂಡವು. ಪ್ರತಿಯೊಬ್ಬ ರೈತನೂ ತನ್ನ ಹೊಲದ ಅಂಕಿಗಳನ್ನು ಆ ಜಾಗದಲ್ಲಿಟ್ಟು ನೋಡಬೇಕು. ಒಂದು ಎಕರೆ ಒಂಟಿ ತೊಗರಿಯಿಂದ 4 ಕ್ವಿಂಟಲ್ ಬಂದು, 2025-26ರ ಬೆಂಬಲ ಬೆಲೆಯಾದ 8,000 ರೂ.ಗೆ ಮಾರಾಟವಾದರೆ ಆದಾಯ 32,000 ರೂ. ಅಂತರ ಬೆಳೆಯಿಟ್ಟ ಎಕರೆಯಲ್ಲಿ ತೊಗರಿ ಅರ್ಧ ಕ್ವಿಂಟಲ್ ಕಡಿಮೆಯಾಗಿ 3.5 ಕ್ವಿಂಟಲ್ ಬಂದರೆ 28,000 ರೂ.; ಜೊತೆಗೆ ಒಂದೂಕಾಲು ಕ್ವಿಂಟಲ್ ಹೆಸರು. ಹೆಸರಿಗೆ 2025-26ರ ಬೆಂಬಲ ಬೆಲೆ 8,768 ರೂ. ಇದ್ದರೂ ಮಳೆಯಲ್ಲಿ ಬಿಡಿಸಿದ ಕಾಳಿಗೆ ಆ ದರ ಸಿಗುವುದು ಅಪರೂಪ, 6,500 ರೂ. ಎಂದೇ ಹಿಡಿದರೆ 8,125 ರೂ. ಇದರಲ್ಲಿ ಬೀಜ, ಬಿಡಿಸುವ ಕೂಲಿ, ಬಡಿಯುವ ಖರ್ಚು ಎಂದು 4,500 ರೂ. ಕಳೆದರೆ ಉಳಿಯುವುದು 3,625 ರೂ. ಒಟ್ಟು 31,625 ರೂ. ಅಂದರೆ ಎಲ್ಲವೂ ನೆಟ್ಟಗಿರುವ ವರ್ಷ ಅಂತರ ಬೆಳೆಯಿಂದ ಹೇಳಿಕೊಳ್ಳುವ ಲಾಭವೇನೂ ಇಲ್ಲ, 375 ರೂ. ಕಡಿಮೆಯೇ ಬರುತ್ತದೆ. ಪ್ರಚಾರ ಸಾಹಿತ್ಯದಲ್ಲಿ ದುಪ್ಪಟ್ಟು ಆದಾಯವೆಂದು ಬರೆಯುವವರು ಈ ಮಾತನ್ನು ಮರೆಮಾಚುತ್ತಾರೆ.

ವ್ಯತ್ಯಾಸ ತಿಳಿಯುವುದು ಕೆಟ್ಟ ವರ್ಷದಲ್ಲಿ. ಅಕ್ಟೋಬರ್‌ನ ಒಣಹವೆಯಿಂದ ತೊಗರಿ ಅರ್ಧಕ್ಕೆ ಇಳಿದರೆ ಒಂಟಿ ಬೆಳೆಯ ಆದಾಯ 16,000 ರೂ., ಮಿಶ್ರ ಬೆಳೆಯದು 17,625 ರೂ. ನೆಟೆ ರೋಗದಿಂದ ತೊಗರಿ ಪೂರ್ತಿ ಕೈಬಿಟ್ಟರೆ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ 3,625 ರೂ. ಇದು ದೊಡ್ಡ ಮೊತ್ತವಲ್ಲ. ಆದರೆ ಹೆಸರಿನ ಹಣ ಬರುವುದು ಆಗಸ್ಟ್-ಸೆಪ್ಟೆಂಬರ್‌ನಲ್ಲಿ, ತೊಗರಿಗೆ ಔಷಧ ಸಿಂಪಡಿಸಲು ರೈತನು ಅಂಗಡಿಯಲ್ಲಿ ಉದ್ದರಿ ಬರೆಸುವ ಹೊತ್ತಿಗೆ. ಆ ಉದ್ದರಿ ತಪ್ಪಿದರೆ ಕೊಯ್ಲಿನ ಮಾಲನ್ನು ಇಂತಹ ಅಂಗಡಿಗೇ, ಇಂತಹ ದಿನವೇ ಹಾಕಬೇಕೆಂಬ ಕಟ್ಟೂ ತಪ್ಪುತ್ತದೆ. ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆಯುವವರೆಗೆ ಕಾಯುವ ಶಕ್ತಿ ಬರುವುದು ಹೀಗೆ.

ಆರು ಎಕರೆ ಇರುವ ಕುಟುಂಬವು ಹೊಲವನ್ನು ಮೂರು ಪಾಲು ಮಾಡಿ, ಒಂದರಲ್ಲಿ ತೊಗರಿಯೊಂದಿಗೆ ಹೆಸರು, ಇನ್ನೊಂದರಲ್ಲಿ ಮುಂಗಾರಿನ ಹೆಸರು ಮುಗಿದ ಮೇಲೆ ಹಿಂಗಾರಿ ಜೋಳ, ಮೂರನೆಯದರಲ್ಲಿ ಕಡಲೆ ಅಥವಾ ಕುಸುಬೆ ಇಟ್ಟು, ವರ್ಷಕ್ಕೊಮ್ಮೆ ಪಾಲು ಬದಲಿಸಿದರೆ ತೊಗರಿ ಅದೇ ಜಾಗಕ್ಕೆ ಮರಳುವುದು ನಾಲ್ಕನೆಯ ವರ್ಷ. ಎರಡೇ ಎಕರೆ ಇರುವವರಿಗೆ ಈ ಕ್ರಮ ಕಷ್ಟ. ಅವರು ತೊಗರಿಯ ಸಾಲುಗಳ ನಡುವೆ ಒಂದು ವರ್ಷ ಹೆಸರು, ಮರುವರ್ಷ ಜೋಳ ಅಥವಾ ಸಜ್ಜೆ ಹಾಕುವುದರಿಂದ ಸ್ವಲ್ಪಮಟ್ಟಿಗೆ ಪ್ರಯೋಜನ ಪಡೆಯಬಹುದು.

ಖರ್ಚು ತಗ್ಗಿಸುವ ಕ್ರಮಗಳು

ಸುಸ್ಥಿರ ಕೃಷಿ ಎಂದೊಡನೆ ರಾಸಾಯನಿಕವನ್ನು ಪೂರ್ಣ ವರ್ಜಿಸಬೇಕೆಂಬ ಭಾವನೆ ಇದೆ. ಒಣಬೇಸಾಯದ ಹಳ್ಳಿಗಳಲ್ಲಿ ಅದಕ್ಕಿಂತ ಮೊದಲು ಆಗಬೇಕಾದ ಕೆಲಸಗಳಿವೆ. ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮತ್ತು ಬಿತ್ತನೆ, ಬದುಗಳ ದುರಸ್ತಿ, ಹಿಂಗಾರಿ ಹೊಲದಲ್ಲಿ ಚೌಕು ಮಡಿ ಇವು ಮಳೆಯನ್ನು ಬಿದ್ದಲ್ಲಿಯೇ ಇಂಗಿಸುತ್ತವೆ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಡಿ ತೋಡಿದ ಕೃಷಿ ಹೊಂಡಗಳಿರುವಲ್ಲಿ, ಕಾಯಿ ಕಟ್ಟುವ ಹಂತದಲ್ಲಿ ಒಂದೇ ಒಂದು ನೀರು ಕೊಟ್ಟರೂ ಇಳುವರಿಯಲ್ಲಿ ಅಂತರ ಕಾಣುತ್ತದೆ. ಬಿತ್ತುವ ಮುನ್ನ ಪ್ರತಿ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮ ಲೇಪಿಸುವುದಕ್ಕೆ ತಗಲುವ ವೆಚ್ಚ ಅತ್ಯಲ್ಪ. 2009ರಲ್ಲಿ ರಾಜ್ಯ ಸರ್ಕಾರವು ಇಕ್ರಿಸ್ಯಾಟ್ ಸಹಯೋಗದಲ್ಲಿ ಕೈಗೊಂಡ ಭೂಚೇತನ ಕಾರ್ಯಕ್ರಮದ ಮಣ್ಣು ಪರೀಕ್ಷೆಗಳು ರಾಜ್ಯದ ಒಣಭೂಮಿಯಲ್ಲಿ ಗಂಧಕ, ಸತು, ಬೋರಾನ್‌ಗಳ ಕೊರತೆ ವ್ಯಾಪಕವಾಗಿರುವುದನ್ನು ತೋರಿಸಿದವು. ಕೊರತೆ ಗಂಧಕದ್ದಾಗಿರುವಾಗ ಯೂರಿಯ ಸುರಿಯುವುದು ಹಣದ ಪೋಲು. ತೊಗರಿಯಂತೂ ತನಗೆ ಬೇಕಾದ ಸಾರಜನಕದ ಬಹುಪಾಲನ್ನು ಬೇರುಗಂಟುಗಳ ಮೂಲಕ ತಾನೇ ಸಂಪಾದಿಸಿಕೊಳ್ಳುವ ಬೆಳೆ.

ಕಾಯಿಕೊರಕದ ವಿಷಯದಲ್ಲಿ ಈ ಜಿಲ್ಲೆಯ ರೈತರಿಗೆ ಹೊರಗಿನವರು ಕಲಿಸಬೇಕಾದುದು ಕಡಿಮೆ. ಗಿಡವನ್ನು ಅಲ್ಲಾಡಿಸಿ ಕೆಳಗೆ ಹಾಸಿದ ತಾಡಪತ್ರಿಯ ಮೇಲೆ ಹುಳು ಉದುರಿಸಿ ನಾಶಪಡಿಸುವ ಪದ್ಧತಿ ಇಲ್ಲಿನದೇ. ಅದರೊಂದಿಗೆ ಹಕ್ಕಿ ಕೂರಲು ಕೋಲು ನೆಡುವುದು, ಮೋಹಕ ಬಲೆ ಕಟ್ಟಿ ಪತಂಗಗಳನ್ನು ಎಣಿಸುವುದು, ಮೊಟ್ಟೆಯ ಹಂತದಲ್ಲಿ ಶೇಕಡಾ 5ರ ಬೇವಿನ ಬೀಜದ ಕಷಾಯ ಸಿಂಪಡಿಸುವುದು ಸೇರಿದರೆ ಒಂದೆರಡು ಸಿಂಪರಣೆಯ ಖರ್ಚು ಉಳಿಯುತ್ತದೆ. ಆರೋಗ್ಯವಂತ ಗಿಡದಿಂದ ಉದುರಿದ ಎಲೆ, ಹೊಟ್ಟು ಹೊಲದಲ್ಲಿಯೇ ಉಳಿಯಲಿ. ನೆಟೆ ಹೋದ ಗಿಡವನ್ನು ಮಾತ್ರ ಬೇರುಸಹಿತ ಕಿತ್ತು ಸುಡಬೇಕು.

ವರ್ತಕ ವಲಯದ ಪಾಲು

ಇಷ್ಟೆಲ್ಲ ಸಲಹೆಗಳು ರೈತನಿಗಾದರೆ, ಕೊಳ್ಳುವವರ ಕಡೆ ಆಗಬೇಕಾದುದೂ ಇದೆ. ಹೆಸರು ಬಿಡಿಸುವುದು ಮಳೆಗಾಲದ ನಡುವೆ. ತೇವಾಂಶ ಹೆಚ್ಚೆಂಬ ಕಾರಣಕ್ಕೆ ಗಂಜಿನಲ್ಲಿ ದರ ಕಡಿತವಾಗುವುದು ವಾಡಿಕೆ. ಬೆಂಬಲ ಬೆಲೆಯ ಖರೀದಿಗೆ ತೇವಾಂಶ ಶೇಕಡಾ 12ನ್ನು ಮೀರುವಂತಿಲ್ಲ. ಹೋಬಳಿ ಮಟ್ಟದಲ್ಲಿ ನೆರಳುಳ್ಳ ಒಣಕಣ ಮತ್ತು ತೇವಾಂಶ ಮಾಪಕ ಒದಗಿಸಿದರೆ ಮೇಲಿನ ಲೆಕ್ಕದಲ್ಲಿ 6,500 ರೂ. ಎಂದು ಹಿಡಿದ ದರವೇ ಬದಲಾಗುತ್ತದೆ. ಕ್ವಿಂಟಲ್‌ಗೆ 300 ರೂ. ಏರಿದರೂ ಸಾಕು, 375 ರೂ.ಗಳ ಆ ಕೊರತೆ ತುಂಬಿಹೋಗುತ್ತದೆ. ಅಂತರ ಬೆಳೆ ಹಳ್ಳಿಗೆ ಮರಳಬೇಕಾದರೆ ಈ ಕೆಲಸ ಉಪನ್ಯಾಸಕ್ಕಿಂತ ಹೆಚ್ಚು ನೆರವಾಗುತ್ತದೆ.

ಎರಡನೆಯದು ತಳಿಯ ವಿಚಾರ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಆದರೆ ಹರಾಜಿನಲ್ಲಿ ಸ್ಥಳೀಯ ಕಾಳು ಮತ್ತು ಹೊರಗಿನ ಕಾಳು, ಒಂದು ತಳಿ ಮತ್ತು ಇನ್ನೊಂದು ತಳಿ ಒಂದೇ ರಾಶಿಗೆ ಬಿದ್ದರೆ ಆ ಮಾನ್ಯತೆಯ ಬೆಲೆ ರೈತನ ಕೈಗೆ ತಲುಪುವ ದಾರಿ ಇರುವುದಿಲ್ಲ. ಯಾವ ತಳಿಯ ಕಾಳಿನಿಂದ ನೂರಕ್ಕೆ ಎಷ್ಟು ಬೇಳೆ ಇಳಿಯುತ್ತದೆ, ಎಷ್ಟು ನುಚ್ಚಾಗುತ್ತದೆ ಎಂಬ ಮಾಹಿತಿ ಪ್ರತಿ ಮಿಲ್ಲಿನ ಖಾತೆಯಲ್ಲಿದೆ. ಮಿಲ್ ಮಾಲೀಕರ ಸಂಘಗಳು ಅದನ್ನು ಒಟ್ಟುಗೂಡಿಸಿ, ಪ್ರತಿ ವರ್ಷ ಮೇ ತಿಂಗಳಲ್ಲಿ ಬೀಜ ಖರೀದಿಗೆ ಮುನ್ನ, ರೈತ ಸಂಪರ್ಕ ಕೇಂದ್ರಗಳ ಮೂಲಕ ಹಳ್ಳಿಗಳಿಗೆ ತಲುಪಿಸುವುದು ಸಾಧ್ಯ. ಅದರೊಂದಿಗೆ, ತಳಿವಾರು ಬೇರ್ಪಡಿಸಿ ತಂದ ರಾಶಿಗೆ ಜನವರಿಯ ಹರಾಜಿನಲ್ಲಿ ಎಷ್ಟು ಹೆಚ್ಚುವರಿ ಕೊಡಲಾಗುವುದೆಂಬುದನ್ನೂ ಆಗಲೇ ಪ್ರಕಟಿಸಬೇಕಾಗುತ್ತದೆ.