ಕಬ್ಬಿನ ಟ್ರಾಲಿ ಎಳೆಯಲು ಎಂಥ ಟ್ರ್ಯಾಕ್ಟರ್ ಬೇಕು? ಒಂಬತ್ತನೇ ಇಯತ್ತೆಗೊಂದು ಲೆಕ್ಕ



ದೀಪಾವಳಿ ರಜೆ ಮುಗಿದು ಎರಡನೇ ಸತ್ರ ಶುರುವಾಗುವ ಹೊತ್ತಿಗೆ ಸೋಲಾಪುರ–ಅಕ್ಕಲಕೋಟ ರಸ್ತೆಯ ಮೇಲೆ ಕಬ್ಬಿನ ಗಾಡಿಗಳ ಸಾಲು ಹತ್ತಿರುತ್ತದೆ. ಮುಂದೆ ಒಂದು ಟ್ರ್ಯಾಕ್ಟರು, ಹಿಂದೆ ಎರಡು ಟ್ರಾಲಿ, ಮೇಲೆ ಆಕಾಶಕ್ಕೆ ಮುಟ್ಟುವ ಹಾಗೆ ಕಬ್ಬು. ಶಾಲೆಗೆ ಹೊತ್ತಾಯಿತೆಂದು ಅದರ ಹಿಂದೆ ನಿಂತು ನೀವೂ ಹಾರ್ನ್ ಹೊಡೆದಿರಬಹುದು. ಒಂಬತ್ತನೇ ಇಯತ್ತೆಯ ವಿಜ್ಞಾನ ಪುಸ್ತಕದ ಮೊದಲ ಎರಡು ಪಾಠ, ‘ಚಲನೆಯ ನಿಯಮಗಳು’ ಮತ್ತು ‘ಕಾರ್ಯ ಹಾಗೂ ಶಕ್ತಿ’, ಅಷ್ಟೊತ್ತಿಗೆ ಮುಗಿದು ಮಕ್ಕಳಿಗೆ ಅರ್ಧ ಮರೆತೂ ಹೋಗಿರುತ್ತವೆ. ಪುನರಾವರ್ತನೆಗೆ ಈ ಟ್ರಾಲಿಗಿಂತ ಒಳ್ಳೆಯ ಪಾಠೋಪಕರಣ ಬೇರೆ ಬೇಕೇನ್ರಿ? ಅದೂ ಪುಕ್ಕಟೆ.

ನಮ್ಮ ವರ್ಗದ ಒಬ್ಬ ಹುಡುಗ ಕೇಳಿದ ಪ್ರಶ್ನೆಯಿಂದ ಶುರು ಮಾಡುತ್ತೇನೆ. “ಸರ್, ನಮ್ಮಪ್ಪ ಹೊಸ ಟ್ಯಾಕ್ಟರ್ ತಗೋಳಾವ್ರ ಅದಾರ. ಎರಡು ಟ್ರಾಲಿ ಕಬ್ಬು ಎಳೀಬೇಕು. 50 ಎಚ್‌ಪಿ ಸಾಕಾಗ್ತದೋ, 60 ಎಚ್‌ಪಿನೇ ಬೇಕೋ?” ಇದು ಪರೀಕ್ಷೆಯ ಪ್ರಶ್ನೆಯಲ್ಲ, ಒಂದು ಮನೆಯವರು ವರ್ಷಾನುಗಟ್ಟಲೆ ಕಟ್ಟುವ ಕಂತಿನ ಪ್ರಶ್ನೆ. ಅಮೆರಿಕ, ಯುರೋಪಿನಲ್ಲಿ ರಜೆಗೆ ಹೊರಟ ಕುಟುಂಬಗಳು ಕಾರಿನ ಹಿಂದೆ ಮನೆಯಂಥ ಟ್ರೇಲರ್ ಕಟ್ಟಿಕೊಂಡು ಹೋಗುತ್ತವಲ್ಲ, ಅವರೂ ಇದೇ ಪ್ರಶ್ನೆ ಕೇಳುತ್ತಾರೆ: ಎಳೆಯುವ ಗಾಡಿ ಯಾವುದಿರಬೇಕು? ಭೌತಶಾಸ್ತ್ರ ಎರಡೂ ಕಡೆ ಒಂದೇ.

ಲೆಕ್ಕಕ್ಕೆ ಕೆಲವು ಅಂಕಿ ಹಿಡಿಯೋಣ. ಟ್ರ್ಯಾಕ್ಟರಿನ ದ್ರವ್ಯರಾಶಿ 2,200 ಕೆ.ಜಿ. ಒಂದೊಂದು ಟ್ರಾಲಿ ಖಾಲಿ 2 ಟನ್, ಮೇಲೆ ಕಬ್ಬು 8 ಟನ್. ಎರಡಕ್ಕೆ 20 ಟನ್. ಎಲ್ಲ ಸೇರಿ 22,200 ಕೆ.ಜಿ. ನಿಮ್ಮೂರಿನ ಗಾಡಿಯ ನಿಜವಾದ ತೂಕ ಬೇಕಿದ್ದರೆ ಕಾರ್ಖಾನೆಯ ತೂಕದ ಚೀಟಿ ತರಲು ಮಕ್ಕಳಿಗೇ ಹೇಳಿರಿ. ಹತ್ತು ಮನೆಯಲ್ಲಿ ಒಂದು ಮನೆಯಲ್ಲಾದರೂ ಸಿಕ್ಕೇ ಸಿಗುತ್ತದೆ. g ಬೆಲೆ 10 ಎಂದೇ ಇಟ್ಟುಕೊಳ್ಳೋಣ, ಮಕ್ಕಳಿಗೆ ಸಲೀಸು.

ಒಳ್ಳೆಯ ಡಾಂಬರು ರಸ್ತೆ, ಸಮತಟ್ಟು. ಇಲ್ಲಿ ಎದುರಾಗುವುದು ಗಾಲಿಗಳ ಉರುಳು ಘರ್ಷಣೆ. ಅದು ಒಟ್ಟು ತೂಕದ ಸುಮಾರು 2 ಪ್ರತಿಶತ ಎಂದು ಹಿಡಿದರೆ 2,22,000 × 0.02 = 4,440 ನ್ಯೂಟನ್. 50 ಎಚ್‌ಪಿ ಅಂದರೆ 50 × 746 = 37,300 ವ್ಯಾಟ್. ಗೇರಿನಲ್ಲಿ ಸ್ವಲ್ಪ ಹೋಗಿ ಗಾಲಿಗೆ 32,000 ವ್ಯಾಟ್ ಮುಟ್ಟಿತು ಅನ್ನಿ. ಸಾಮರ್ಥ್ಯ = ಬಲ × ವೇಗ. ಹಾಗಾದರೆ ವೇಗ 32,000 ÷ 4,440 = ಸೆಕೆಂಡಿಗೆ 7.2 ಮೀಟರ್, ಅಂದರೆ ತಾಸಿಗೆ 26 ಕಿ.ಮೀ. ಸಾಕಷ್ಟಾಯಿತು.

ಈಗ ಏರು ಬರಲಿ. ಹೆದ್ದಾರಿಯ ಏರು ಮಂದವಾಗಿರುತ್ತದೆ, ಆದರೆ ಹಳ್ಳದ ಸೇತುವೆಯಿಂದ ಮೇಲೇರುವಲ್ಲಿ, ಕಾಲುವೆಯ ದಂಡೆಯಲ್ಲಿ, ಹೊಲದಿಂದ ರಸ್ತೆಗೆ ಹತ್ತುವಲ್ಲಿ 20 ಮೀಟರಿಗೆ 1 ಮೀಟರ್ ಏರು ಸಾಮಾನ್ಯ. ಆಗ ತೂಕದ ಇಪ್ಪತ್ತನೇ ಒಂದು ಪಾಲು ಹಿಂದಕ್ಕೆ ಜಗ್ಗುತ್ತದೆ: 11,100 ನ್ಯೂಟನ್. ಉರುಳು ಘರ್ಷಣೆ ಕೂಡಿಸಿದರೆ 15,540 ನ್ಯೂಟನ್. ವೇಗ 32,000 ÷ 15,540 = ಸೆಕೆಂಡಿಗೆ 2 ಮೀಟರ್ ಚಿಲ್ಲರೆ, ತಾಸಿಗೆ 7.4 ಕಿ.ಮೀ. ಇದೇ ಲೆಕ್ಕವನ್ನು 60 ಎಚ್‌ಪಿಗೆ ಮಾಡಿಸಿರಿ. ತಾಸಿಗೆ ಸುಮಾರು 8.8 ಕಿ.ಮೀ. ಬರುತ್ತದೆ. ಹತ್ತು ಎಚ್‌ಪಿ ಹೆಚ್ಚು ಕೊಂಡಿದ್ದಕ್ಕೆ ಏರಿನಲ್ಲಿ ಸಿಕ್ಕ ಲಾಭ ತಾಸಿಗೆ ಒಂದೂವರೆ ಕಿ.ಮೀ. ಸಹ ಇಲ್ಲ! ಮಕ್ಕಳು ಇಲ್ಲಿ ಬೆರಗಾಗುತ್ತಾರೆ. ಆಗಲಿ, ಬಿಡಿ.

ಯಾಕೆಂದರೆ ನಿಜವಾದ ಪ್ರಶ್ನೆ ಇನ್ನೂ ಬಂದೇ ಇಲ್ಲ. ಎಂಜಿನ್ ಎಷ್ಟು ತಿರುಗಿಸಿದರೂ ಗಾಲಿ ನೆಲವನ್ನು ಹಿಡಿಯಬೇಕಲ್ಲ? ಟ್ರ್ಯಾಕ್ಟರನ್ನು ಮುಂದಕ್ಕೆ ನೂಕುವುದು ಎಂಜಿನ್ ಅಲ್ಲ, ನೆಲ. ಗಾಲಿ ನೆಲವನ್ನು ಹಿಂದಕ್ಕೆ ತಳ್ಳುತ್ತದೆ, ನೆಲ ಗಾಲಿಯನ್ನು ಮುಂದಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೇ ನಿಯಮ. ಈ ತಳ್ಳುವಿಕೆಗೆ ಮಿತಿ ಹಾಕುವುದು ಘರ್ಷಣೆ. ಸಾದಾ ಟ್ರ್ಯಾಕ್ಟರಿನಲ್ಲಿ ಎಳೆಯುವವು ಹಿಂದಿನ ಎರಡು ದೊಡ್ಡ ಗಾಲಿ ಮಾತ್ರ. ಅವುಗಳ ಮೇಲೆ ಬೀಳುವ ಭಾರ ಸುಮಾರು 1,360 ಕೆ.ಜಿ., ಉಳಿದ 840 ಮುಂದಿನ ಗಾಲಿಗಳ ಮೇಲೆ. ಒಣ ಡಾಂಬರಿನ ಮೇಲೆ ಘರ್ಷಣೆಯ ಗುಣಾಂಕ 0.7 ಎಂದರೆ ಗರಿಷ್ಠ ಹಿಡಿತ 13,600 × 0.7 = 9,520 ನ್ಯೂಟನ್. ಬೇಕಾಗಿದ್ದು 15,540. ಅಂದರೆ 50 ಇರಲಿ, 60 ಇರಲಿ, 100 ಎಚ್‌ಪಿಯೇ ಇರಲಿ, ಗಾಲಿ ನಿಂತಲ್ಲೇ ತಿರುಗಿ ರಬ್ಬರ್ ಸುಡುತ್ತದೆ. ಒಂದೇ ಟ್ರಾಲಿ ಕಟ್ಟಿದರೆ? ಒಟ್ಟು 12,200 ಕೆ.ಜಿ., ಬೇಕಾದ ಬಲ 8,540. ಹತ್ತುತ್ತದೆ.

ಹಾಗಾದರೆ ರಸ್ತೆಯ ಮೇಲೆ ದಿನಾ ಡಬಲ್ ಟ್ರಾಲಿ ಏರು ಹತ್ತುವುದನ್ನು ನೋಡುತ್ತೇವಲ್ಲ, ಅದು ಹೇಗೆ? ಗುಟ್ಟು ಕೊಂಡಿಯಲ್ಲಿದೆ. ಮುಂದೆಯೂ ಗಾಲಿಯಿರುವ ನಾಲ್ಕು ಗಾಲಿಯ ಟ್ರಾಲಿ ತನ್ನ ಭಾರವನ್ನೆಲ್ಲ ತಾನೇ ಹೊರುತ್ತದೆ. ಎರಡು ಗಾಲಿಯ ಟ್ರಾಲಿ ಎತ್ತಿನ ಗಾಡಿ ಇದ್ದ ಹಾಗೆ. ಸ್ವಲ್ಪ ಭಾರ ನೊಗದ ಮೇಲೆ ಕೂರುತ್ತದೆ, ಇಲ್ಲಿ ಟ್ರ್ಯಾಕ್ಟರಿನ ಕೊಂಡಿಯ ಮೇಲೆ. 10 ಟನ್ ಟ್ರಾಲಿ ಕೊಂಡಿಯ ಮೇಲೆ 1 ಟನ್ ಇಟ್ಟಿತು ಅನ್ನೋಣ. ಕೊಂಡಿ ಹಿಂದಿನ ಅಚ್ಚಿಗಿಂತ 0.6 ಮೀಟರ್ ಹಿಂದೆ, ಮುಂದಿನ ಮತ್ತು ಹಿಂದಿನ ಅಚ್ಚಿನ ನಡುವೆ 2 ಮೀಟರ್. ಸನ್ನೆಗೋಲಿನ ಲೆಕ್ಕದಲ್ಲಿ ಮುಂದಿನ ಗಾಲಿಗಳಿಂದ 1,000 × 0.6 ÷ 2 = 300 ಕೆ.ಜಿ. ಎದ್ದು ಹಿಂದೆ ಬರುತ್ತದೆ. ಹಿಂದಿನ ಗಾಲಿಗಳ ಮೇಲೀಗ 1,360 + 1,000 + 300 = 2,660 ಕೆ.ಜಿ. ಹಿಡಿತ 18,620 ನ್ಯೂಟನ್. ಏರು ಹತ್ತಿತು ನೋಡ್ರಿ! ಎಂಜಿನ್ ಅದೇ, ಡೀಸೆಲ್ ಅದೇ.

ಆದರೆ ಮುಂದಿನ ಗಾಲಿಗಳ ಗತಿ ಏನಾಯಿತು? 840 ಇದ್ದದ್ದು 540 ಆಯಿತು. ಅಷ್ಟಕ್ಕೇ ನಿಲ್ಲುವುದಿಲ್ಲ. ಏರಿನಲ್ಲಿ ಎರಡು ಟ್ರಾಲಿಗಳನ್ನು ಎಳೆಯಲು ಕೊಂಡಿಯ ಮೇಲೆ 14,000 ನ್ಯೂಟನ್ ಜಗ್ಗು ಬೀಳುತ್ತದೆ. ಕೊಂಡಿ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದ್ದರೆ ಈ ಜಗ್ಗು ಟ್ರ್ಯಾಕ್ಟರನ್ನು ಹಿಂದಕ್ಕೆ ಮಗುಚಲು ನೋಡುತ್ತದೆ: 14,000 × 0.5 ÷ 2 = 3,500 ನ್ಯೂಟನ್, ಅಂದರೆ ಮುಂದಿನಿಂದ ಇನ್ನೂ 350 ಕೆ.ಜಿ. ಮಾಯ. ಉಳಿದದ್ದು 190. ಸ್ಟೇರಿಂಗ್ ತಿರುಗಿಸಿದರೆ ಟ್ರ್ಯಾಕ್ಟರು ತಿರುಗುವುದೇ ಅನುಮಾನ. (ನಾಲ್ಕು ಗಾಲಿಯ ಟ್ರಾಲಿಗೂ ಈ 350 ಕೆ.ಜಿ. ಲಾಭ ಹಿಂದಿನ ಗಾಲಿಗೆ ಸಿಗುತ್ತದಲ್ಲ ಎಂದು ಜಾಣ ಹುಡುಗಿಯೊಬ್ಬಳು ಕೇಳುತ್ತಾಳೆ. ಸಿಗುತ್ತದೆ. ಹಿಡಿತ 11,970 ಆಗುತ್ತದೆ, ಆದರೂ ಸಾಲದು.) ಈಗ ಯಾರೋ ಕೊಂಡಿಯನ್ನು 0.9 ಮೀಟರ್ ಎತ್ತರಕ್ಕೆ ಕಟ್ಟಿದರು ಅನ್ನಿ. 14,000 × 0.9 ÷ 2 = 6,300 ನ್ಯೂಟನ್, 630 ಕೆ.ಜಿ. ಮುಂದೆ ಇದ್ದದ್ದೇ 540. ಮುಂದಿನ ಗಾಲಿ ಎದ್ದವು! ಕುದುರೆ ಮುಂಗಾಲು ಎತ್ತಿದ ಹಾಗೆ ಟ್ರ್ಯಾಕ್ಟರು ಎದ್ದು ನಿಲ್ಲುವುದನ್ನು ಮಕ್ಕಳು ಮೊಬೈಲಿನಲ್ಲಿ ನೋಡಿ ಚಪ್ಪಾಳೆ ತಟ್ಟುತ್ತಾರೆ. ಆ ಡ್ರೈವರ್ ಕೂತ ಜಾಗ ಯಾವುದು, ಟ್ರ್ಯಾಕ್ಟರು ಪೂರ್ತಿ ಮಗುಚಿದರೆ ಸ್ಟೇರಿಂಗ್ ಎಲ್ಲಿಗೆ ಬಂದು ಬೀಳುತ್ತದೆ ಎಂದು ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿರಿ. ಚಪ್ಪಾಳೆ ನಿಲ್ಲುತ್ತದೆ.

ನಮ್ಮ ಹುಡುಗರು ಟ್ರಾಲಿಯಿಂದ ಕಬ್ಬು ಜಗ್ಗಿ ತೆಗೆಯುವುದು ಎಲ್ಲಿ ಎಂದು ಗಮನಿಸಿದ್ದೀರಾ? ಗಾಡಿ ನಿಧಾನವಾಗುವ ಏರಿನಲ್ಲೇ. ತಾಸಿಗೆ 7 ಕಿ.ಮೀ., ಓಡಿ ಹಿಡಿಯಲು ಹೇಳಿಮಾಡಿಸಿದ ವೇಗ. ಗಾಲಿ ಜಾರುವುದು, ಮುಂಭಾಗ ಏಳುವುದು, ಗೇರು ಸಿಗದೆ ಗಾಡಿ ಹಿಂದಕ್ಕೆ ಉರುಳುವುದೂ ಅಲ್ಲಿಯೇ. ಎರಡು ಟ್ರಾಲಿಗಳ ನಡುವೆ ಕೈ ಹಾಕಿದ ಮಗುವಿಗೆ 20 ಟನ್ ಹಿಂದೆ ಬರುವಾಗ ಸರಿಯಲು ಸಮಯ ಇರುವುದಿಲ್ಲ. “ಕಬ್ಬು ಕೀಳಬ್ಯಾಡ್ರೋ” ಎಂದು ಪ್ರಾರ್ಥನೆಯ ಹೊತ್ತಿಗೆ ಬೈದರೆ ಯಾರೂ ಕೇಳುವುದಿಲ್ಲ. ಅವರ ಕೈಯಿಂದಲೇ ಈ ಲೆಕ್ಕ ಮಾಡಿಸಿದರೆ ಕೆಲವರಾದರೂ ಕೇಳುತ್ತಾರೆ, ಇದು ನನ್ನ ಅನುಭವ.

ಇನ್ನು ಬ್ರೇಕು. ಟ್ರ್ಯಾಕ್ಟರು ಕೊಳ್ಳುವವರು ಎಳೆಯುವುದನ್ನು ಕೇಳುತ್ತಾರೆ, ನಿಲ್ಲಿಸುವುದನ್ನು ಕೇಳುವುದಿಲ್ಲ. ಟ್ರಾಲಿಗೆ ಬ್ರೇಕ್ ಇಲ್ಲ ಎಂದು ಹಿಡಿಯೋಣ, ನಮ್ಮ ರಸ್ತೆಯಲ್ಲಿ ಕಣ್ಣಿಗೆ ಬೀಳುವವು ಹೆಚ್ಚಾಗಿ ಅಂಥವೇ. ಟ್ರ್ಯಾಕ್ಟರಿನ ಬ್ರೇಕ್ ಹಿಂದಿನ ಗಾಲಿಗಳಿಗಷ್ಟೇ. ಕೊಂಡಿಯ ಮೇಲೆ ಭಾರವಿಲ್ಲದಿದ್ದರೆ ಅವುಗಳ ಹಿಡಿತ ಅದೇ 9,520 ನ್ಯೂಟನ್, ಜೊತೆಗೆ ಉರುಳು ಘರ್ಷಣೆಯ ಸಹಾಯ. ತಾಸಿಗೆ 25 ಕಿ.ಮೀ. ವೇಗದಲ್ಲಿ ಟ್ರ್ಯಾಕ್ಟರು ಒಂದೇ ಇದ್ದರೆ ಸುಮಾರು 5 ಮೀಟರಿನಲ್ಲಿ ನಿಲ್ಲುತ್ತದೆ. ಎರಡು ತುಂಬಿದ ಟ್ರಾಲಿ ಕಟ್ಟಿದರೆ ಸಮತಟ್ಟಿನಲ್ಲಿ 38 ಮೀಟರ್. ಅದೇ 20ಕ್ಕೆ 1ರ ಇಳಿಜಾರಿನಲ್ಲಿ? ತಡೆಯುವ ಬಲ 13,960, ಕೆಳಗೆ ಜಗ್ಗುವ ಬಲ 11,100. ಉಳಿದದ್ದು 2,860 ನ್ಯೂಟನ್. 22,200 ಕೆ.ಜಿ.ಗೆ ಅದು ಕೊಡುವ ಮಂದನ ಸೆಕೆಂಡಿಗೆ ಸೆಕೆಂಡಿಗೆ 0.13 ಮೀಟರ್. ನಿಲ್ಲಲು ಬೇಕಾದ ದೂರ ಸುಮಾರು 187 ಮೀಟರ್! ಕಬಡ್ಡಿ ಅಂಗಳ 13 ಮೀಟರ್ ಉದ್ದ. ಹದಿನಾಲ್ಕು ಅಂಗಳ ಸಾಲಾಗಿ ಇಟ್ಟು ನೋಡಲು ಹೇಳಿರಿ. ಇದರಲ್ಲೂ ನಾವು ಉದಾರವಾಗಿಯೇ ಇದ್ದೇವೆ, ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಸರಿದು ಹಿಂದಿನ ಗಾಲಿಯ ಹಿಡಿತ ಇನ್ನೂ ಕಡಿಮೆಯಾಗುವುದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಡ್ರೈವರ್ ಎಂಜಿನ್ನಿನ ತಡೆಯನ್ನೂ ಕಳೆದುಕೊಳ್ಳುತ್ತಾನೆ.

ಹೊಲದೊಳಗೆ ಕಥೆಯೇ ಬೇರೆ. ನಮ್ಮ ಎರೆ ಮಣ್ಣು ಹಸಿಯಿದ್ದಾಗ ಉರುಳು ಘರ್ಷಣೆ ತೂಕದ 10 ಪ್ರತಿಶತಕ್ಕೂ ಮೀರುತ್ತದೆ, ಹಿಡಿತ ಮಾತ್ರ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ಟ್ರಾಲಿಗಳನ್ನು ಒಂದೊಂದಾಗಿ ಹೊರಗೆ ತಂದು ರಸ್ತೆಯ ಮೇಲೆ ಜೋಡಿಸುವುದು, ಅದೂ ಆಗದಿದ್ದರೆ ಮುಂದೆ ಇನ್ನೊಂದು ಟ್ರ್ಯಾಕ್ಟರು ಕಟ್ಟುವುದು.

ಹುಡುಗನಿಗೆ ನಾನು ಕೊಟ್ಟ ಉತ್ತರ ಇಷ್ಟು. ಅಂಗಡಿಯಲ್ಲಿ ಎಚ್‌ಪಿ ಕೇಳುವ ಮೊದಲು ಟ್ರ್ಯಾಕ್ಟರಿನ ತೂಕ ಕೇಳಲಿ. ನಾಲ್ಕೂ ಗಾಲಿ ಎಳೆಯುವ ಮಾದರಿಯಾದರೆ 2,200 ಕೆ.ಜಿ. ಪೂರ್ತಿ ಹಿಡಿತಕ್ಕೆ ಬರುತ್ತದೆ, 15,400 ನ್ಯೂಟನ್. 9,520 ಎಲ್ಲಿ, ಇದೆಲ್ಲಿ! ಹಣ ಸಾಲದಿದ್ದರೆ ಹಿಂದಿನ ಟೈರುಗಳಲ್ಲಿ ನೀರು ತುಂಬಿಸುವ ಹಳೆಯ ಉಪಾಯವಿದೆ. ಗಾಲಿಗೆ 150 ಲೀಟರ್ ಎಂದರೂ ಎರಡಕ್ಕೆ 300 ಕೆ.ಜಿ., 2,100 ನ್ಯೂಟನ್ ಹೆಚ್ಚಿನ ಹಿಡಿತ. ಹತ್ತು ಎಚ್‌ಪಿಗಿಂತ ಇದು ಎಷ್ಟೋ ಅಗ್ಗ. ಟ್ರಾಲಿಗೆ ಬ್ರೇಕ್ ಇರಲಿ. ಕೊಂಡಿಯನ್ನು ಕಂಪನಿ ಕೊಟ್ಟ ಜಾಗದಿಂದ ಮೇಲೆ ಎತ್ತಬೇಡಿ. ಇಷ್ಟಾದ ಮೇಲೆ 50 ಎಚ್‌ಪಿ ನನಗಂತೂ ಸಾಕೆನಿಸುತ್ತದೆ.

ಕಬ್ಬಿಲ್ಲದ ಟ್ರಾಲಿಯ ಮಾತೂ ಒಂದಿದೆ. ಬೀಡ ಕಡೆಯಿಂದ ಬರುವ ಕಬ್ಬು ಕಡಿಯುವ ಟೋಳಿಗಳು ಸಂಸಾರವನ್ನೆಲ್ಲ ಟ್ರಾಲಿಯಲ್ಲಿ ಹೇರಿಕೊಂಡು ಬರುತ್ತವೆ. ಸಂಕ್ರಾಂತಿಗೆ ಸೋಲಾಪುರದ ಸಿದ್ಧೇಶ್ವರ ಗಡ್ಡಾ ಯಾತ್ರೆಗೂ ಹಳ್ಳಿಯ ಮಂದಿ ಟ್ರಾಲಿಯಲ್ಲಿ ಹೋಗುವುದುಂಟು. ಸರಕಿನ ಟ್ರಾಲಿಯಲ್ಲಿ ಮಂದಿಯನ್ನು ಕೂರಿಸಿಕೊಂಡು ಹೋಗಲು ಕಾನೂನು ಬಿಡುವುದಿಲ್ಲ, ಅದಿರಲಿ, ವಿಜ್ಞಾನ ಏನನ್ನುತ್ತದೆ? ಎರಡು ಗಾಲಿಯ ಟ್ರಾಲಿಯಲ್ಲಿ ಮಕ್ಕಳೆಲ್ಲ ಗಾಳಿಗೆಂದು ಹಿಂದಿನ ಹಲಗೆಗೆ ಹೋಗಿ ನಿಂತರೆ ಕೊಂಡಿ ಮೇಲಕ್ಕೆ ಎತ್ತಲ್ಪಡುತ್ತದೆ. ಟ್ರ್ಯಾಕ್ಟರಿನ ಹಿಂದಿನ ಗಾಲಿಯ ಭಾರ, ಅದರೊಂದಿಗೆ ಬ್ರೇಕಿನ ಹಿಡಿತ ಎರಡೂ ಇಳಿಯುತ್ತವೆ, ವೇಗ ಹೆಚ್ಚಾದಂತೆ ಟ್ರಾಲಿ ಹಾವಿನಂತೆ ಹೊಯ್ದಾಡುತ್ತದೆ. ಅಮೆರಿಕದ ರಜೆ-ಟ್ರೇಲರಿನವರು ಟ್ರೇಲರಿನ ತೂಕದ 10–15 ಪ್ರತಿಶತ ಕೊಂಡಿಯ ಮೇಲೆ ಇರಲೇಬೇಕೆಂದು ಹಟ ಹಿಡಿಯುವುದು ಇದಕ್ಕೇ.

ಇದನ್ನು ವರ್ಗದಲ್ಲೇ ತೋರಿಸಬಹುದು. ಆಟಿಕೆ ಕಾರಿನ ಹಿಂದೆ ಎರಡು ಗಾಲಿಯ ರಟ್ಟಿನ ಟ್ರಾಲಿಯನ್ನು ದಾರದಿಂದಲ್ಲ, ಸಡಿಲವಾದ ಗುಂಡುಸೂಜಿಯ ಕೀಲಿನಿಂದ ಜೋಡಿಸಿ ಓರೆ ಹಲಗೆಯ ಮೇಲಿಂದ ಬಿಡಿರಿ. ಬ್ಯಾಟರಿ ಸೆಲ್ಲನ್ನು ಒಮ್ಮೆ ಟ್ರಾಲಿಯ ಮುಂಭಾಗದಲ್ಲಿ, ಒಮ್ಮೆ ಹಿಂಭಾಗದಲ್ಲಿ ಅಂಟಿಸಿ ನೋಡಿರಿ. ಉರುಳು ಘರ್ಷಣೆ ಅಳೆಯಲು ಸ್ಪ್ರಿಂಗ್ ತಕ್ಕಡಿ ಕಟ್ಟಿ ಸೈಕಲ್ಲನ್ನು ಮೆಲ್ಲಗೆ ಎಳೆಯಿರಿ, ಮೊದಲು ಡಾಂಬರಿನ ಮೇಲೆ, ಆಮೇಲೆ ಮೈದಾನದ ಮಣ್ಣಿನಲ್ಲಿ. ಏರನ್ನು ಅಳೆಯಲು ಗವಂಡಿಯ ನೀರಿನ ಪೈಪು ಸಾಕು. ಮನೆಗೆಲಸಕ್ಕೆ ಒಂದು ಪ್ರಶ್ನೆ: ಮೇಲಿನ ಬ್ರೇಕಿನ ಲೆಕ್ಕದಲ್ಲಿ ಕೊಂಡಿಯ ಮೇಲೆ 1 ಟನ್ ಭಾರವಿದ್ದು ಹಿಡಿತ 18,620 ನ್ಯೂಟನ್ ಆದರೆ ಇಳಿಜಾರಿನಲ್ಲಿ ಗಾಡಿ ಎಷ್ಟು ದೂರದಲ್ಲಿ ನಿಲ್ಲುತ್ತದೆ? (ಉತ್ತರ: ಸುಮಾರು 45 ಮೀಟರ್.)